ನಿಮಗಿದು ಗೊತ್ತೇ? ಮದ್ಯದಂಗಡಿಯ ಬೀಗದ ಕೈ ಯಾರ ಬಳಿ?

ಹಾಸನ ಜಿಲ್ಲೆಯ ಜಾವಗಲ್ ಹೋಬಳಿಯಲ್ಲಿ ಮದ್ಯದಂಗಡಿ ತೆರೆಯಲು ದೆಹಲಿಯ ಒಪ್ಪಿಗೆ ಬೇಕಿಲ್ಲ. ಸನ್ನದಿನ ಕಾಗದ ಹಾಸನದಿಂದ ಬರುತ್ತದೆ. ನಿಯಮ ಬರೆಯುವುದೂ ಸುಂಕ ಗೊತ್ತುಮಾಡುವುದೂ ಬೆಂಗಳೂರು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 8ನೇ ನಮೂದು ಮದ್ಯದ ಉತ್ಪಾದನೆ, ದಾಸ್ತಾನು, ಸಾಗಣೆ, ಖರೀದಿ, ಮಾರಾಟ ಎಲ್ಲವನ್ನೂ ರಾಜ್ಯದ ಕೈಗೆ ಕೊಟ್ಟಿದೆ. 51ನೇ ನಮೂದು ಕುಡಿಯುವ ಮದ್ಯದ ಮೇಲೆ ಅಬಕಾರಿ ಸುಂಕ ಹಾಕುವ ಅಧಿಕಾರವನ್ನೂ ಕೊಟ್ಟಿದೆ. ಕೇಂದ್ರ–ರಾಜ್ಯಗಳ ಅಧಿಕಾರ ಹಂಚಿಕೆಯಲ್ಲಿ ರಾಜ್ಯದ ಮಾತು ಇಷ್ಟು ಗಟ್ಟಿಯಾಗಿ ನಡೆಯುವ ವಿಷಯಗಳು ಬೆರಳೆಣಿಕೆಯಷ್ಟು. ಹಾಗಿದ್ದರೂ ಅಂಗಡಿ ತೆರೆಯುವ ಹೋಬಳಿಯ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಈ ಸಲದ ಅಂಕಣ ಬರೆಯುವಾಗ ನನ್ನನ್ನು ಬಿಡದೆ ಕಾಡಿದ್ದು ಅದೇ.

ಈ ಹಂಚಿಕೆ ಸಂವಿಧಾನಕ್ಕಿಂತ ಹಳೆಯದು. 1919ರ ಕಾಯ್ದೆ ಅಬಕಾರಿಯನ್ನು ಪ್ರಾಂತ್ಯಗಳ ಸಚಿವರಿಗೆ ವಹಿಸಿತು. 1935ರ ಭಾರತ ಸರ್ಕಾರ ಕಾಯ್ದೆಯ ಪ್ರಾಂತೀಯ ಪಟ್ಟಿಯಲ್ಲಿ 31ನೇ ನಮೂದಾಗಿದ್ದ ಮಾತುಗಳೇ ಬಹುಮಟ್ಟಿಗೆ ನಮ್ಮ ಸಂವಿಧಾನಕ್ಕೆ ಬಂದವು.

1956ರಲ್ಲಿ ಏಕೀಕರಣವಾದಾಗ ಕನ್ನಡ ನಾಡು ಒಂದಾಯಿತು, ಮದ್ಯದ ಕಾನೂನು ಒಂದಾಗಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆ ಮುಂಬಯಿಯ 1949ರ ಪಾನನಿರೋಧ ಕಾಯ್ದೆ. ದಕ್ಷಿಣ ಕನ್ನಡದವರು ಮದ್ರಾಸಿನ ಪಾನನಿರೋಧ ಕಂಡವರು. ಕಲಬುರಗಿ, ರಾಯಚೂರು, ಬೀದರ್‌ಗಳಲ್ಲಿ ಹೈದರಾಬಾದಿನ ಅಬಕಾರಿ ಪದ್ಧತಿ. ಜಾವಗಲ್, ಅರಸೀಕೆರೆ, ಬೇಲೂರು ಹಳೇ ಮೈಸೂರಿನ ಲೆಕ್ಕಕ್ಕೆ ಸೇರಿದವು. ಅಲ್ಲಿ 1901ರ ಅಬಕಾರಿ ರೆಗ್ಯುಲೇಶನ್ನೂ ಇತ್ತು, 1948ರ ಪಾನನಿರೋಧ ಕಾಯ್ದೆಯೂ ಇತ್ತು. ಇವನ್ನೆಲ್ಲ ಒಂದು ಹೊಲಿಗೆಗೆ ತಂದದ್ದು 1965ರ ಅಬಕಾರಿ ಕಾಯ್ದೆ. ಅದು ನಿಯಮಗಳ ಸಮೇತ ಜಾರಿಗೆ ಬಂದದ್ದು 1967ರಲ್ಲಿ.

ತುರುವನೂರಿನ ಈಚಲು ಮರಗಳು

1939ರಲ್ಲಿ ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ ಜನ ಕೊಡಲಿ ಹಿಡಿದು ಸೇಂದಿ ಇಳಿಸುವ ಈಚಲು ಮರಗಳನ್ನು ಕಡಿದರು. ಮರವೂ ಸರ್ಕಾರದ್ದು, ಸೇಂದಿಯ ಆದಾಯವೂ ಸರ್ಕಾರದ್ದು. ಹಾಗಾಗಿ ಆ ಒಂದೇ ಏಟು ಅರಣ್ಯ ಕಾನೂನಿಗೂ ಬಿತ್ತು, ಅಬಕಾರಿ ಬೊಕ್ಕಸಕ್ಕೂ ಬಿತ್ತು. ಮುಂದಾಳಾಗಿ ಜೈಲಿಗೆ ಹೋದವರಲ್ಲಿ ಎಸ್. ನಿಜಲಿಂಗಪ್ಪ ಒಬ್ಬರು. 1967ರಲ್ಲಿ ಮೈಸೂರು ರಾಜ್ಯದ ಪಾನನಿರೋಧ ಸಡಿಲವಾಗಿ ಅಬಕಾರಿ ಪದ್ಧತಿ ಮರಳಿದಾಗ ಮುಖ್ಯಮಂತ್ರಿಯಾಗಿದ್ದವರೂ ಅವರೇ. ಇದನ್ನು ಒಬ್ಬ ಮನುಷ್ಯನ ಬದಲಾವಣೆಯೆಂದು ಓದಿದರೆ ಅನ್ಯಾಯವಾದೀತು. ಸುತ್ತಲಿನ ರಾಜ್ಯಗಳ ಗಡಿಗಳು ತೆರೆದಿದ್ದವು, ಕಳ್ಳಬಟ್ಟಿ ಹರಡಿತ್ತು, ಸುಂಕವಿಲ್ಲದೆ ರಾಜ್ಯದ ಖರ್ಚು ತೂಗುತ್ತಿರಲಿಲ್ಲ. ಮದ್ಯವನ್ನು ರಾಜ್ಯದ ವಿಷಯ ಮಾಡಿದ ಮೇಲೆ ಅದರ ಆದಾಯದ ಆಸೆಯೂ ಅದನ್ನು ನಿಲ್ಲಿಸುವ ಹೊಣೆಯೂ ಒಂದೇ ಕುರ್ಚಿಗೆ ಬಂದವು. ಆ ಕುರ್ಚಿಯಲ್ಲಿ ಕುಳಿತ ಯಾರಿಗೂ ಈ ಎಳೆದಾಟ ತಪ್ಪಿಲ್ಲ.

ಸಂವಿಧಾನದ 47ನೇ ವಿಧಿ ಪಾನನಿರೋಧದತ್ತ ಶ್ರಮಿಸಬೇಕೆಂದು ಪ್ರಭುತ್ವಕ್ಕೆ ಹೇಳುತ್ತದೆ. ಇದು ನಿರ್ದೇಶಕ ತತ್ವ. ಪಾಲಿಸಲಿಲ್ಲವೆಂದು ಕೋರ್ಟಿಗೆ ಹೋಗಿ ಜಾರಿ ಮಾಡಿಸಿಕೊಳ್ಳಲಾಗದು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯನ್ನು ಎದುರಿಸಿ ಮಾತಾಡಿದವರಲ್ಲಿ ಜೈಪಾಲ್ ಸಿಂಗ್ ಒಬ್ಬರು. ಆದಿವಾಸಿಗಳ ಪೂಜೆ, ಹಬ್ಬಗಳಲ್ಲಿ ಅಕ್ಕಿಯ ಮದ್ಯಕ್ಕಿರುವ ಸ್ಥಾನವನ್ನು ಅವರು ಸಭೆಯ ಮುಂದಿಟ್ಟರು.

ದೇಶಕ್ಕೆಲ್ಲ ಒಂದೇ ಪಾನನಿರೋಧ ತರಲು ದೆಹಲಿ ಯತ್ನಿಸದೆ ಇಲ್ಲ. 1956ರ ಮಾರ್ಚ್‌ನಲ್ಲಿ ಲೋಕಸಭೆ ನಿರ್ಣಯ ಮಾಡಿತು. 1963ರಲ್ಲಿ ನ್ಯಾಯಮೂರ್ತಿ ಟೇಕ್ ಚಂದ್ ಅಧ್ಯಯನ ತಂಡ ನೇಮಕವಾಯಿತು. 1977ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ನಾಲ್ಕು ವರ್ಷಗಳ ಗಡುವಿನ ಮಾತಾಡಿದರು. ರಾಜ್ಯಗಳಿಗಾಗುವ ನಷ್ಟದಲ್ಲಿ ಅರ್ಧ ತುಂಬಿಕೊಡುವುದಾಗಿಯೂ ಕೇಂದ್ರ ಹೇಳಿತ್ತು. ರಾಜ್ಯಗಳು ಒಪ್ಪದ ಹೊರತು ದೆಹಲಿಯ ಕೈಯಲ್ಲಿ ಇದ್ದದ್ದು ಇಂಥ ಮನವೊಲಿಕೆ ಮಾತ್ರ.

ಸಾರಾಯಿಯ ವಿಷಯ ಹಾಗಾಗಲಿಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆಗ ಮುಖ್ಯಮಂತ್ರಿ ಹಾಸನ ಜಿಲ್ಲೆಯ ಎಚ್.ಡಿ. ಕುಮಾರಸ್ವಾಮಿ, ಬಜೆಟ್ ಮಂಡಿಸಿದವರು ಬಿ.ಎಸ್. ಯಡಿಯೂರಪ್ಪ. ಹಳ್ಳಿ ಹಳ್ಳಿಯ ಗೂಡಂಗಡಿಯಲ್ಲಿ ನೇತಾಡುತ್ತಿದ್ದ ಪ್ಯಾಕೆಟ್ಟುಗಳು ಮಾಯವಾದವು. ಗುತ್ತಿಗೆದಾರರ ದೊಡ್ಡದೊಂದು ಸಾಮ್ರಾಜ್ಯವೇ ಕುಸಿಯಿತು. ಇಷ್ಟಕ್ಕೂ ಸಂಸತ್ತಿನ ಕಡೆ ತಿರುಗಿ ನೋಡಬೇಕಾಗಲಿಲ್ಲ. ಆದರೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು–ಕೋಲಾರ–ಕೃಷ್ಣಗಿರಿ ಸೀಮೆಯಲ್ಲಿ ವಿಷಮದ್ಯ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 1981ರಲ್ಲಿ ಬೆಂಗಳೂರಿನಲ್ಲೇ ಮುನ್ನೂರಕ್ಕೂ ಹೆಚ್ಚು ಜನ ಇದೇ ರೀತಿ ಸತ್ತಿದ್ದರು. ಸತ್ತವರಲ್ಲಿ ಬಹುಪಾಲು ಕೂಲಿಯವರು. ನಿಷೇಧ ಬರೆಯುವವರು ಈ ಎರಡು ವರ್ಷಗಳನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಒಂದು ಕ್ವಾರ್ಟರ್ ಪೊಟ್ಟಣದ ಮೇಲೆ ಎರಡು ಸರ್ಕಾರ

180 ಎಂ.ಎಲ್.ನ ಟೆಟ್ರಾ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ಸುತ್ತಲೂ ಓದಿ. 180 ಎಂ.ಎಲ್. ಎಂಬ ನಿವ್ವಳ ಪ್ರಮಾಣ ಮುದ್ರಿಸಬೇಕೆಂಬುದು ಕೇಂದ್ರದ ಅಳತೆ–ತೂಕದ ಕಾನೂನು. 14 ಅಂಕಿಗಳ ಆಹಾರ ಸುರಕ್ಷತಾ ಸನ್ನದಿನ ಸಂಖ್ಯೆಯೂ ಕೇಂದ್ರದ್ದೇ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಎಂಬ ಎಚ್ಚರಿಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಿಂದ ಬಂದದ್ದು. 2019ರ ಏಪ್ರಿಲ್‌ನಿಂದ ಕಡ್ಡಾಯ. ಪೊಟ್ಟಣವನ್ನು ತಿರುಗಿಸಿದರೆ ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಸಾಲು, ಅಬಕಾರಿ ಇಲಾಖೆಯ ಅಂಟುಚೀಟಿ, ಎಲ್ಲ ಸುಂಕ ಸೇರಿದ ಗರಿಷ್ಠ ಬೆಲೆ ಕಾಣುತ್ತವೆ. ಇವು ರಾಜ್ಯದವು. ಶೇ 42.8 ಎಂಬ ಆಲ್ಕೋಹಾಲ್ ಪ್ರಮಾಣ ಎಲ್ಲಿಂದ ಬಂತು ಗೊತ್ತೇ? ಬ್ರಿಟಿಷರ ಪ್ರೂಫ್ ಲೆಕ್ಕದಲ್ಲಿ ಶೇ 57.1 ಇದ್ದರೆ ಪೂರ್ತಿ ಪ್ರೂಫ್. ಅದಕ್ಕಿಂತ 25 ಭಾಗ ಕಡಿಮೆ ಮಾಡಿದರೆ 42.8. ಆಳುವವರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಅವರ ಲೆಕ್ಕ ಪೊಟ್ಟಣದ ಮೇಲೆ ಹಾಗೇ ಕುಳಿತಿದೆ.

ಆ ಪೊಟ್ಟಣ ತಯಾರಕರಿಂದ ನೇರ ಅಂಗಡಿಗೆ ಬರುವಂತಿಲ್ಲ. 2003ರಿಂದ ಕರ್ನಾಟಕದಲ್ಲಿ ಸಗಟು ವ್ಯಾಪಾರ ಪೂರ್ತಿಯಾಗಿ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ನಡುವಿನ ದಾಸ್ತಾನು ಮಳಿಗೆ ಸರ್ಕಾರದ್ದೇ.

ಚಿಲ್ಲರೆಯಲ್ಲೂ ಸರ್ಕಾರವಿದೆ. ಸಿ.ಎಲ್–2 ಎಂದರೆ ಬಾಟಲಿ ಕೊಂಡು ಹೊರಗೊಯ್ಯುವ ಅಂಗಡಿ, ಸಿ.ಎಲ್–9 ಬಾರು, ಸಿ.ಎಲ್–7 ವಸತಿ ಇರುವ ಹೋಟೆಲು. ಸಿ.ಎಲ್–11ಸಿ ಎಂಬುದು ಎಂ.ಎಸ್.ಐ.ಎಲ್. ಮಳಿಗೆ. 1966ರಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿಯೇ ಶಾಲೆ ಮಕ್ಕಳಿಗೆ ‘ಲೇಖಕ್’ ನೋಟ್‌ಬುಕ್ ಕೊಡುತ್ತದೆ, ಚಿಟ್ ಫಂಡ್ ನಡೆಸುತ್ತದೆ. ಸಿ.ಎಲ್–2, ಸಿ.ಎಲ್–9ರ ಹೊಸ ಸನ್ನದುಗಳು 1990ರ ದಶಕದ ಆರಂಭದಿಂದ ನಿಂತಿದ್ದರೂ ಹಳ್ಳಿಗಾಡಿಗೆ ಹೊಸ ಅಂಗಡಿಗಳು ಬಂದದ್ದು ಹೇಗೆಂದು ಕೇಳುವವರಿಗೆ ಉತ್ತರದ ಒಂದು ಭಾಗ ಈ 11ಸಿ.

ಮದ್ಯ ಮಾರುವುದು ಮೂಲಭೂತ ಹಕ್ಕೇ? ಅಲ್ಲ. ಈ ಮಾತನ್ನು ಸುಪ್ರೀಂ ಕೋರ್ಟ್ ಗಟ್ಟಿಮಾಡಿದ್ದು 1994ರಲ್ಲಿ, ಬೆಂಗಳೂರಿನ ಖೋಡೇಸ್ ಡಿಸ್ಟಿಲರೀಸ್ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ. ರಾಜ್ಯ ಬೇಕೆಂದರೆ ಪೂರ್ತಿ ನಿಲ್ಲಿಸಬಹುದು, ಬೇಕೆಂದರೆ ತಾನೇ ಏಕಸ್ವಾಮ್ಯ ನಡೆಸಬಹುದು ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಇಂದಿಗೂ ದೇಶದ ಯಾವ ಮೂಲೆಯ ಮದ್ಯದ ವ್ಯಾಜ್ಯವಾದರೂ ವಕೀಲರು ಮೊದಲು ತೆಗೆಯುವ ತೀರ್ಪುಗಳಲ್ಲಿ ಇದೊಂದು.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ರಾಜ್ಯಗಳ ಹಲವು ತೆರಿಗೆಗಳನ್ನು ನುಂಗಿತು. ಕುಡಿಯುವ ಮದ್ಯವನ್ನು ಮಾತ್ರ ಸಂವಿಧಾನದಲ್ಲೇ ಹೊರಗಿಟ್ಟರು. ಅದಕ್ಕೇ ಒಂದೇ ಬಾರಿನ ಬಿಲ್ಲಿನಲ್ಲಿ ಕಬಾಬಿಗೆ ಜಿ.ಎಸ್.ಟಿ. ಇರುತ್ತದೆ, ಬಿಯರಿಗೆ ಇರುವುದಿಲ್ಲ. ಬಾಟಲಿಯ ಗಾಜಿಗೆ, ಮುಚ್ಚಳಕ್ಕೆ, ರಟ್ಟಿನ ಪೆಟ್ಟಿಗೆಗೆ ಜಿ.ಎಸ್.ಟಿ. ಕಟ್ಟಿದ ತಯಾರಕನಿಗೆ ಅದು ವಾಪಸು ಸಿಗುವುದಿಲ್ಲ; ಒಳಗಿನ ದ್ರವ ಆ ಪದ್ಧತಿಯಲ್ಲೇ ಇಲ್ಲ. ಮದ್ಯ ತಯಾರಿಕೆಯ ಕಚ್ಚಾ ಸ್ಪಿರಿಟ್ಟಿನ ಮೇಲೆ ಯಾರು ತೆರಿಗೆ ಹಾಕಬೇಕೆಂಬ ಗೊಂದಲವೂ 2023ರ ಅಕ್ಟೋಬರ್‌ನ ಜಿ.ಎಸ್.ಟಿ. ಮಂಡಳಿ ಸಭೆಯಲ್ಲಿ ರಾಜ್ಯಗಳ ಪರವಾಗಿ ತೀರಿತು.

ರಾಜ್ಯಗಳು ಇದನ್ನು ಬಿಗಿಯಾಗಿ ಹಿಡಿದುಕೊಂಡಿರುವುದೇಕೆ ಎಂಬುದು ಒಂದು ಅಂಕಿಯಲ್ಲಿ ಗೊತ್ತಾಗುತ್ತದೆ. ಕರ್ನಾಟಕದ 2025–26ರ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ 18 ಸ್ಲ್ಯಾಬ್‌ಗಳಿಗೂ ಹೆಚ್ಚುವರಿ ಸುಂಕ ಶೇ 20 ಏರಿತು, ಬಿಯರಿನದು ಶೇ 175ರಿಂದ 185ಕ್ಕೆ ಹೋಯಿತು. ಮರುವರ್ಷವೇ ನೆರೆಯ ರಾಜ್ಯಗಳಿಗೆ ವ್ಯಾಪಾರ ಹೋಗದಿರಲೆಂದು ದುಬಾರಿ ಮದ್ಯಗಳ ದರವನ್ನು ಇಳಿಸಿದರು. ಬಡವನ ಕ್ವಾರ್ಟರಿಗೆ ಅಂಥ ಉಪಚಾರ ಸಿಗಲಿಲ್ಲ. ಕೂಲಿಗೆ ಹೋದವನಿಗೆ ಹೊಸಕೋಟೆಯಿಂದ ಹೊಸೂರಿಗೆ ಹೋಗಿ ಕೊಳ್ಳುವ ಅನುಕೂಲವಿಲ್ಲ.

ವಿದೇಶಿ ಸ್ಕಾಚ್ ಬಂದರಿನಲ್ಲಿ ಇಳಿದಾಗ ಕೇಂದ್ರದ ಸೀಮಾ ಸುಂಕ, ರಾಜ್ಯದೊಳಕ್ಕೆ ಬಂದಾಗ ರಾಜ್ಯದ ಸುಂಕ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದ ಆ ಶೇ 150ರ ಸೀಮಾ ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವಂಥದ್ದು. ರಾಜ್ಯದ ಪಾಲಿನ ಸುಂಕಕ್ಕೆ ಆ ಒಪ್ಪಂದ ಕೈ ಹಾಕುವುದಿಲ್ಲ.

ಒಂಬತ್ತು ಜನರ ಪೀಠ, ಒಬ್ಬರ ಭಿನ್ನಮತ

ಕಬ್ಬಿನ ಕಾಕಂಬಿಯಿಂದ ಬರುವ ಸ್ಪಿರಿಟ್ಟು ಕುಡಿಯುವುದಕ್ಕೂ ಹೋಗುತ್ತದೆ, ಬಣ್ಣ, ಔಷಧ, ರಾಸಾಯನಿಕಗಳಿಗೂ ಹೋಗುತ್ತದೆ. ಕುಡಿಯುವುದು ರಾಜ್ಯಕ್ಕೆ, ಕೈಗಾರಿಕೆಯದು ಕೇಂದ್ರಕ್ಕೆ ಎಂದು 1989ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಗೆರೆ ಎಳೆದಿದ್ದರು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಗೆರೆಯನ್ನು ಅಳಿಸಿತು. ಎಂಟು ಮಂದಿ ಕೈಗಾರಿಕಾ ಆಲ್ಕೋಹಾಲ್ ಕೂಡ ರಾಜ್ಯದ 8ನೇ ನಮೂದಿನೊಳಗೆ ಬರುತ್ತದೆಂದರು. ಒಪ್ಪದೆ ಒಂಟಿಯಾಗಿ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮನುಷ್ಯರು ಕುಡಿಯಲಾರದ ವಸ್ತುವನ್ನು ಮದ್ಯವೆಂದು ಕರೆದು ರಾಜ್ಯಕ್ಕೆ ಕೊಡಲಾಗದು ಎಂಬುದು ಅವರ ನಿಲುವಿನ ತಿರುಳು. ಬಹುಮತದ ಕಡೆ ನನ್ನ ಮನಸ್ಸು ವಾಲುವುದು 1981 ಮತ್ತು 2008ರ ಕಾರಣಕ್ಕೆ. ಕಾರ್ಖಾನೆಗೆಂದು ಹೊರಟ ಸ್ಪಿರಿಟ್ಟು ದಾರಿ ತಪ್ಪಿ ಗುಡಿಸಲಿಗೆ ಬಂದರೆ ಹೆಣ ಎಣಿಸುವುದು ಸ್ಥಳೀಯ ಪೊಲೀಸರು, ಸ್ಥಳೀಯ ಆಸ್ಪತ್ರೆ. ಆ ಸ್ಪಿರಿಟ್ಟಿನ ಮೇಲೆ ಕಣ್ಣಿಡುವ ಅಧಿಕಾರ ಅವರ ಸರ್ಕಾರಕ್ಕೇ ಇರಬೇಕು.

ಗಾಂಜಾ ಹಿಡಿದರೆ ಸಂಸತ್ತಿನ 1985ರ ಮಾದಕ ವಸ್ತು ಕಾಯ್ದೆ. ಕಳ್ಳಬಟ್ಟಿ ಹಿಡಿದರೆ ರಾಜ್ಯದ ಅಬಕಾರಿ ಕಾಯ್ದೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮತ್ತೆ ಸಂಸತ್ತಿನ ಮೋಟಾರು ವಾಹನ ಕಾಯ್ದೆ: 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ.

ಸೈನಿಕರ ಕ್ಯಾಂಟೀನು ಕೇಂದ್ರ ರಕ್ಷಣಾ ಇಲಾಖೆಯದು. ಆದರೂ ಕರ್ನಾಟಕದಲ್ಲಿ ಅದು ರಮ್ ಮಾರಲು ರಾಜ್ಯದ ಸಿ.ಎಲ್–8 ಸನ್ನದು ಬೇಕು.

ಹೆದ್ದಾರಿಯ ಅಂಚಿನಲ್ಲಿ

ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ ಹಾದು ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದಿತು. 2017ರ ಮಾರ್ಚ್ 31ರಂದು 20,000 ಅಥವಾ ಅದಕ್ಕಿಂತ ಕಡಿಮೆ ಜನವಿರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಜಾವಗಲ್‌ನಂಥ ಹೋಬಳಿ ಊರುಗಳು ಬರುವುದು ಈ ಲೆಕ್ಕಕ್ಕೆ. ಅದೇ ಜುಲೈನಲ್ಲಿ ನಗರಸಭೆ, ಪಾಲಿಕೆಗಳ ವ್ಯಾಪ್ತಿಗೆ ಈ ನಿರ್ಬಂಧ ಇಲ್ಲವೆಂದು ಸ್ಪಷ್ಟಪಡಿಸಿತು. 2018ರ ಫೆಬ್ರುವರಿಯಲ್ಲಿ, ಪಂಚಾಯಿತಿ ಊರೊಂದು ಪಟ್ಟಣದಷ್ಟು ಬೆಳೆದಿದೆಯೇ ಎಂಬ ತೀರ್ಮಾನವನ್ನೂ ರಾಜ್ಯಗಳಿಗೇ ಬಿಟ್ಟಿತು. ಒಂದೂಕಾಲು ವರ್ಷದಲ್ಲಿ ಅಧಿಕಾರ ದೆಹಲಿಯ ನ್ಯಾಯಪೀಠಕ್ಕೆ ಹೋಗಿ ಸುತ್ತು ಹಾಕಿ ಬೆಂಗಳೂರಿಗೆ ಮರಳಿತು. ಬೆಂಗಳೂರಿನ ಎಂ.ಜಿ. ರಸ್ತೆಯ ಪಬ್ಬುಗಳು ಮುಚ್ಚಿದ್ದು ದೊಡ್ಡ ಸುದ್ದಿಯಾಯಿತು. ರಾತ್ರಿ ಹೊತ್ತು ಹೆದ್ದಾರಿ ದಾಟಿ ಮನೆಗೆ ಹೋಗುವ ಹಳ್ಳಿಯವರ ಜೀವಕ್ಕಾಗಿಯೇ ಆ ಆದೇಶ ಹುಟ್ಟಿತ್ತು ಎಂಬುದು ಆ ಸದ್ದಿನಲ್ಲಿ ಮರೆಯಾಯಿತು. ನನಗೆ ಈಗಲೂ ಬೇಸರ ತರುವ ಸಂಗತಿ ಅದು.

ಅಮೆರಿಕದಲ್ಲೂ ಹೆದ್ದಾರಿಯೇ ದಾರಿಯಾಯಿತು. 1933ರ ಡಿಸೆಂಬರ್ 5ರಂದು ಅಲ್ಲಿನ ಸಂವಿಧಾನದ 21ನೇ ತಿದ್ದುಪಡಿ ಪಾನನಿರೋಧ ತೆಗೆದು ಮದ್ಯದ ಹಿಡಿತವನ್ನು ರಾಜ್ಯಗಳಿಗೆ ಕೊಟ್ಟಿತು. 1984ರಲ್ಲಿ ಒಕ್ಕೂಟ ಸರ್ಕಾರ ನೇರವಾಗಿ ಕುಡಿಯುವ ವಯಸ್ಸು ಗೊತ್ತುಮಾಡುವ ಬದಲು, 21ಕ್ಕಿಂತ ಕಡಿಮೆ ಇಟ್ಟ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ ಎಂದಿತು. ಸೌತ್ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗೆ 21ರ ಕಟ್ಟುನಿಟ್ಟು ಗೊತ್ತಿರುತ್ತದೆ, ಅದರ ಹಿಂದಿನ ರಸ್ತೆ ಲೆಕ್ಕ ಗೊತ್ತಿರುವುದಿಲ್ಲ.

ನಮ್ಮಲ್ಲಿ ವಯಸ್ಸು ರಾಜ್ಯದ ಗಡಿಯೊಂದಿಗೆ ಬದಲಾಗುತ್ತದೆ. ಗೋವಾದಲ್ಲಿ 18, ಕರ್ನಾಟಕದಲ್ಲಿ 21, ಕಾಸರಗೋಡಿನಲ್ಲಿ 23. ಸೊಲ್ಲಾಪುರದಲ್ಲಿ ಬಿಯರಿಗೆ 21, ವಿಸ್ಕಿಗೆ 25. ಕರ್ನಾಟಕದ ಕಾಯ್ದೆಯಲ್ಲಿ 18 ಎಂದಿದೆ, 1967ರ ನಿಯಮದಲ್ಲಿ 21 ಎಂದಿದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು. ಜನ ಎದ್ದು ನಿಂತರು, ಸರ್ಕಾರ ಹಿಂತೆಗೆದುಕೊಂಡಿತು.

ಬೇಲೂರಿನ ಚೆನ್ನಕೇಶವನ ಗುಡಿಯ ಸುತ್ತ ಎರಡು ಬಗೆಯ ನೂರು ಮೀಟರುಗಳಿವೆ. ರಕ್ಷಿತ ಸ್ಮಾರಕದ ಗಡಿಯಿಂದ ನೂರು ಮೀಟರ್ ಒಳಗೆ ಹೊಸ ಕಟ್ಟಡ ಕೂಡದು ಎಂಬುದು ಸಂಸತ್ತಿನ ಕಾಯ್ದೆ. ಗುಡಿ, ಶಾಲೆ, ಆಸ್ಪತ್ರೆಗಳಿಂದ ನೂರು ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂಬುದು ರಾಜ್ಯದ ಅಬಕಾರಿ ನಿಯಮ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಅಂಗಡಿ ಇರಕೂಡದೆಂದು ಅದೇ ನಿಯಮ ಹೇಳುತ್ತದೆ. ಜಾವಗಲ್‌ನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಗುಡಿಗೂ ಉರುಸು ನಡೆಯುವ ದರ್ಗಾಕ್ಕೂ ದೂರದೂರದಿಂದ ಜನ ಬರುತ್ತಾರೆ. ಅಂಥ ಊರಿನವರು ಈ ನಿಯಮವನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಒಳ್ಳೆಯದು.

ಒಬ್ಬ ವ್ಯಕ್ತಿ ಮನೆಯಲ್ಲಿ 2.3 ಲೀಟರ್ ದೇಶಿ ವಿಸ್ಕಿ–ಬ್ರಾಂಡಿ ಇಟ್ಟುಕೊಳ್ಳಬಹುದು, 18.2 ಲೀಟರ್ ಬಿಯರ್ ಇಟ್ಟುಕೊಳ್ಳಬಹುದು. ಈ ವಿಚಿತ್ರ ದಶಮಾಂಶಗಳು ಗ್ಯಾಲನ್ ಲೆಕ್ಕಕ್ಕೆ ಸರಿಹೊಂದುತ್ತವೆ: ಅರ್ಧ ಗ್ಯಾಲನ್, ನಾಲ್ಕು ಗ್ಯಾಲನ್.

ತೆಂಗಿನ ಸೀಮೆಯ ಕೊರಗು

ಅರಸೀಕೆರೆ, ಜಾವಗಲ್ ಸೀಮೆಗೆ ತೆಂಗೇ ಆಧಾರ. ಈ ಮರದ ಹೊಂಬಾಳೆ ತುದಿ ಕೊಯ್ದು, ಕಟ್ಟಿ, ಮೆಲ್ಲಗೆ ತಟ್ಟಿದರೆ ಸಿಹಿಯಾದ ರಸ ತೊಟ್ಟಿಕ್ಕುತ್ತದೆ. ಅದು ನೀರಾ. ಬಿಸಿಲೇರಿದಂತೆ ಅದೇ ರಸ ಹುಳಿತು ಹೆಂಡವಾಗುತ್ತದೆ. ಮಡಕೆಗೆ ಸುಣ್ಣ ಬಳಿದರೆ ಅಥವಾ ಮರದ ಮೇಲೇ ತಂಪು ಪೆಟ್ಟಿಗೆ ಕಟ್ಟಿದರೆ ಹುಳಿಯುವುದು ನಿಧಾನವಾಗುತ್ತದೆ. ಅಂಥ ತಂಪು ಪೆಟ್ಟಿಗೆ ರೂಪಿಸಿ, ‘ಕಲ್ಪರಸ’ ಎಂದು ಹೆಸರಿಟ್ಟವರು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು. ಸಂಸ್ಥೆ ಕೇಂದ್ರದ್ದು, ತೆಂಗು ಅಭಿವೃದ್ಧಿ ಮಂಡಳಿಯೂ ಕೇಂದ್ರದ್ದು. ಆದರೆ ರೈತ ತನ್ನದೇ ಮರ ಹತ್ತಿ ರಸ ಇಳಿಸಬೇಕಾದರೆ ಬದಲಾಗಬೇಕಿದ್ದುದು ರಾಜ್ಯದ ಅಬಕಾರಿ ಕಾನೂನು.

ಅದು ಬದಲಾಗುವಷ್ಟರಲ್ಲಿ ರಕ್ತ ಹರಿದಿತ್ತು. 1990ರ ದಶಕದ ಕೊನೆಗೆ ನುಸಿ ರೋಗ ತೆಂಗನ್ನು ಹಾಳುಗೆಡವಿತು. ಕಾಯಿ ಸಣ್ಣದಾಯಿತು, ಬೆಲೆ ಬಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ನೀರಾ ಇಳಿಸುವ ಹಕ್ಕಿಗಾಗಿ ಚಳವಳಿ ಹೂಡಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ಕರ್ನಾಟಕ ತನ್ನ ಕಾಯ್ದೆ ತಿದ್ದಿ ನೀರಾಕ್ಕೆ ದಾರಿ ಮಾಡಿದ್ದು 2016–17ರ ಸುಮಾರಿಗೆ. ನಡುವೆ ಹದಿನೈದು ವರ್ಷ. ಇಷ್ಟು ಕಾಲ ಬೇಕಾಗುವಂಥ ತಿದ್ದುಪಡಿಯಾಗಿರಲಿಲ್ಲ ಅದು. ಸರ್ಕಾರದ್ದೇ ಮದ್ಯ ಮಳಿಗೆಗಳು ಆ ಹೊತ್ತಿಗೆ ಊರೂರಲ್ಲಿ ತೆರೆದಿದ್ದವು.

ದೆಹಲಿ ಬೀಗ ಹಾಕಿದ್ದೂ ಉಂಟು

2020ರ ಮಾರ್ಚ್ ಕೊನೆಯಲ್ಲಿ ಕೇಂದ್ರ ಗೃಹ ಇಲಾಖೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಲಾಕ್‌ಡೌನ್ ಹೇರಿದಾಗ ದೇಶದ ಮದ್ಯದಂಗಡಿಗಳೆಲ್ಲ ಒಟ್ಟಿಗೆ ಮುಚ್ಚಿದವು. ಮೊರಾರ್ಜಿಯವರ ಕೈಲಾಗದ್ದು ವೈರಾಣುವಿನಿಂದ ಆಯಿತು. ಮೇ 4ರಂದು ಬಾಗಿಲು ತೆರೆದಾಗ ಕರ್ನಾಟಕದಲ್ಲಿ ಮೊದಲ ದಿನ 45 ಕೋಟಿ, ಎರಡನೇ ದಿನ 197 ಕೋಟಿ ರೂಪಾಯಿಯ ವಹಿವಾಟು ವರದಿಯಾಯಿತು. ಬಿಟ್ಟವರು ಬಿಟ್ಟೇ ಇರಲಿ ಎಂದು ಆ ದಿನಗಳಲ್ಲಿ ದೇವರಿಗೆ ಹರಕೆ ಹೊತ್ತ ಹೆಂಗಸರು ನಾಡಿನಲ್ಲಿ ಎಷ್ಟು ಮಂದಿಯೋ.

ಚುನಾವಣೆ ಬಂದಾಗಲೂ ಸಂಸತ್ತಿನ ಕಾನೂನಿನ ಮಾತೇ ನಡೆಯುತ್ತದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಸಿ ಪ್ರಕಾರ ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆ ಮದ್ಯ ಮಾರುವಂತಿಲ್ಲ.

ಹೋಬಳಿಯ ಮಾತು

ಗ್ರಾಮಸಭೆಗೆ ಮದ್ಯ ತಡೆಯುವ ಅಧಿಕಾರ ಕೊಟ್ಟ ಕಾನೂನು ದೇಶದಲ್ಲಿ ಇಲ್ಲದಿಲ್ಲ. 1996ರ ಪೆಸಾ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದು ಐದನೇ ಅನುಸೂಚಿಯ ಆದಿವಾಸಿ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಒಂದು ಪ್ರದೇಶವೂ ಘೋಷಣೆಯಾಗಿಲ್ಲ. ಹಾಗಾಗಿ ಜಾವಗಲ್ ಸರಿ, ಎಚ್.ಡಿ. ಕೋಟೆಯ ಹಾಡಿಗೂ ಆ ಹಕ್ಕಿಲ್ಲ.

ಮಹಾರಾಷ್ಟ್ರದಲ್ಲಿ ಇನ್ನೊಂದು ದಾರಿಯಿದೆ. ಊರಿನ ಮಹಿಳಾ ಮತದಾರರಲ್ಲಿ ಕಾಲು ಭಾಗದಷ್ಟು ಮಂದಿ ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಅಕ್ಕಲಕೋಟೆ, ಜತ್ತದ ಕನ್ನಡ ಹೆಣ್ಣುಮಕ್ಕಳಿಗೆ ಇರುವ ಈ ಅವಕಾಶ ಗಡಿಯಿಂದ ಈಚೆ ಇಂಡಿ, ಅಫಜಲಪುರದ ಹೆಣ್ಣುಮಕ್ಕಳಿಗೆ ಇಲ್ಲ.

ಇಂಥ ಹಕ್ಕನ್ನು ಕೇಳಿಕೊಂಡೇ 2019ರ ಜನವರಿ 19ರಂದು ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಹೊರಟು, ಗಾಂಧೀಜಿ ತೀರಿಕೊಂಡ ದಿನವಾದ ಜನವರಿ 30ರ ಹೊತ್ತಿಗೆ ಬೆಂಗಳೂರು ತಲುಪಿದರು. ಇನ್ನೂರು ಕಿಲೋಮೀಟರಿನಷ್ಟು ದಾರಿ, ಬಹುಪಾಲು ಮಂದಿ ರಾಯಚೂರು, ಕೊಪ್ಪಳದ ಕಡೆಯ ಕೂಲಿ ಹೆಂಗಸರು. ಕಿರಾಣಿ ಅಂಗಡಿಯಲ್ಲಿ, ಪೆಟ್ಟಿಗೆ ಅಂಗಡಿಯಲ್ಲಿ ಸನ್ನದಿಲ್ಲದೆ ಮಾರುವ ಪೊಟ್ಟಣಗಳನ್ನು ಮೊದಲು ನಿಲ್ಲಿಸಿ ಎಂಬುದು ಅವರ ಬಾಯಲ್ಲಿ ಬಂದ ಮೊದಲ ಮಾತು. ಹೊಸ ಕಾನೂನಿಗಾಗಿ ಕಾಯಬೇಕಿಲ್ಲದ ಬೇಡಿಕೆ ಅದು. ಸನ್ನದಿಲ್ಲದೆ ಮಾರುವುದು 1965ರ ಕಾಯ್ದೆಯಲ್ಲೇ ಅಪರಾಧ.

ಕರ್ನಾಟಕದಲ್ಲಿ ಮದ್ಯದ ಸನ್ನದಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪ್ರತಿ ಸನ್ನದೂ ಆ ದಿನಕ್ಕೆ ನವೀಕರಣಕ್ಕೆ ಬರುತ್ತದೆ. ಅಂಗಡಿಯ ದೂರ ತಪ್ಪಾಗಿದೆ, ಜಾಗ ತಪ್ಪಾಗಿದೆ, ಶಾಲೆಯ ಬಾಗಿಲಿಗೆ ತಾಗಿದೆ ಎಂಬ ತಕರಾರಿದ್ದರೆ ಗ್ರಾಮಸಭೆಯ ನಿರ್ಣಯದ ಪ್ರತಿ ಮೇ ತಿಂಗಳೊಳಗೆ ಹಾಸನದ ಜಿಲ್ಲಾಧಿಕಾರಿ ಕಚೇರಿಯಲ್ಲೂ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿರಬೇಕು. ದೂರ ಅಳೆಯುವಾಗ ಸೂರಿನ ಮೇಲಿಂದ ನೇರ ಗೆರೆ ಎಳೆಯುವುದಲ್ಲ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ಟೇಪು ಹಿಡಿಯುವಾಗ ಇಬ್ಬರು ಪಂಚಾಯಿತಿ ಸದಸ್ಯರು ಜೊತೆಗಿದ್ದು ಸಹಿ ಹಾಕಿದರೆ ಆ ಕಾಗದಕ್ಕೆ ತೂಕ ಬರುತ್ತದೆ.